ಇಬ್ಬರಾದರೆ ಔಟ್

ಮಾರ್ಚ್ 8, ಶನಿವಾರ

ಇವತ್ತು ನಾನು ಒಬ್ಬ ಗಂಡಸಿಗೆ ಔಟ್ ಕೊಟ್ಟೆ. ಆರಡಿ ಎತ್ತರದವನು, ಜೊತೆಗೆ ಗಡ್ಡ, ಯಾವುದೋ ಕಂಪನಿಯಲ್ಲಿ ಡೈರೆಕ್ಟರ್ ಅಂತೆ. ಬೆರಳೆತ್ತಿದೆ, ಹೊರಟುಹೋದ. ಮನೆಯಲ್ಲಿ ನಾನು ಎಷ್ಟು ಕೂಗಿದರೂ ಬಾತ್‌ರೂಮಿನ ನೆಲದಿಂದ ಒಂದು ಟವೆಲ್ ಮೇಲೇಳುವುದಿಲ್ಲ. ಅಲ್ಲಿ ಒಂದೇ ಬೆರಳಿಗೆ ಅಷ್ಟೆತ್ತರದ ಮನುಷ್ಯ ಮಾತಿಲ್ಲದೆ ಮೈದಾನ ಬಿಟ್ಟು ನಡೆದ. ಅವನ ಬೆನ್ನಿಗೆ ನಾನು ‘ಸಾರಿ’ ಅಂದೆ.

ಇನ್ನೊಂದು ತುದಿಯಲ್ಲಿ ಅಂಪೈರ್ ಆಗಿದ್ದವರು ಅಡಿವೆಪ್ಪನವರು. ಹುಬ್ಬಳ್ಳಿಯಲ್ಲಿ ಪಿ.ಟಿ. ಮಾಸ್ತರಾಗಿದ್ದವರು, ಈಗ ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಓವರ್ ಮುಗಿದ ಮೇಲೆ ಹತ್ತಿರ ಬಂದು, “ಏನ್ರೀ ಪದ್ಮಜಾ ಅವರ, ಔಟ್ ಕೊಟ್ಟು ಸಾರಿ ಅಂತಾರೇನ್ರೀ ಯಾರರ? ಮುಂದಿನ ಸಲ ಆರತಿ ಎತ್ತಿ ಕಳಸ್ರಿ” ಅಂದರು. ನಗು ತಡೆಯಲಾಗದೆ ಮುಂದಿನ ಎಸೆತ ವೈಡೋ ಅಲ್ಲವೋ ನಾನು ನೋಡಲೇ ಇಲ್ಲ. ಇದು ಯಾರಿಗೂ ಗೊತ್ತಾಗಬಾರದು.

ಈ ಭಾಗ್ಯ ಜಯರಾಮ್ ಸರ್ ಕೊಟ್ಟದ್ದು. ಇಲ್ಲಿ ಕ್ರಿಕೆಟ್ ಅಂದರೆ ಅವರ ಲೀಗು. ಪಾರ್ಕುಗಳ ಮೈದಾನಗಳೆಲ್ಲ ಶನಿವಾರ ಭಾನುವಾರ ಅವರ ಲೀಗಿನ ಹೆಸರಿಗೇ ಬುಕ್ಕಾಗಿರುತ್ತವೆ. ಆಡಬೇಕೆಂದರೂ ಅವರ ಹತ್ತಿರ ಹೋಗಬೇಕು, ಅಂಪೈರ್ ಆಗಬೇಕೆಂದರೂ ಅವರ ಹತ್ತಿರವೇ. ಹೋದ ವರ್ಷ ಮಗಳು ವಿಭಾಳನ್ನು ಪ್ರಾಕ್ಟೀಸಿಗೆ ಬಿಡಲು ಹೋದವಳು ಬೇಲಿಯಾಚೆ ನಿಂತು ‘ನೋ ಬಾಲ್ ಅದು’ ಎಂದು ಗೊಣಗುತ್ತಿದ್ದೆ. ಅವರು ಕೇಳಿಸಿಕೊಂಡು, “ಒಳಗೆ ಬಂದು ಹೇಳಮ್ಮ” ಅಂದರು. ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಫ್ ಸ್ಪಿನ್ ಹಾಕುತ್ತಿದ್ದೆ ಎಂದು ತಿಳಿದಾಗ, ತಮ್ಮ ನಿಯಮದ ಪುಸ್ತಕ ಕೊಟ್ಟು, ಎಲ್‌ಬಿಡಬ್ಲ್ಯೂ ಹೇಗೆ ನೋಡಬೇಕೆಂದು ಪಾರ್ಕಿಂಗ್ ಲಾಟಿನಲ್ಲಿ ಟೆನಿಸ್ ಚೆಂಡು ಎಸೆದು ತೋರಿಸಿದರು. ನನ್ನಂಥವಳಿಗೆ ಬಿಳಿ ಟೋಪಿ ಹಾಕಿಸಿದ ದೇವರು.

ಭಯ ಬಿಟ್ಟು ಫ್ರೀವೇ ಹಿಡಿದಿದ್ದರೆ ಬೇಗ ಮನೆಗೆ ಬರಬಹುದಿತ್ತು. ಎಂದಿನಂತೆ ಒಳರಸ್ತೆಗಳಲ್ಲೇ ಸಿಗ್ನಲ್ ಸಿಗ್ನಲ್‌ಗೂ ನಿಂತು ಬಂದೆ. ಪ್ರತಿ ಕೆಂಪು ದೀಪದಲ್ಲೂ ಕನ್ನಡಿ ನೋಡಿಕೊಂಡು ಬೆರಳೆತ್ತಿದೆ. ಪಕ್ಕದ ಕಾರಿನವರು ಏನಂದುಕೊಂಡರೋ.

ಮಾರ್ಚ್ 10, ಸೋಮವಾರ

ನಾನು ಕೆಲಸ ಮಾಡುವ ಲಾಸ್ ಆಲ್ಟೋಸ್‌ನ ಕಣ್ಣಿನ ಕ್ಲಿನಿಕ್ಕಿಗೆ ಇವತ್ತು ಒಬ್ಬ ಬಂದ. ಗಡ್ಡ, ಆರಡಿ. ಅವನೇ. ಗೋಡೆಯ ಅಕ್ಷರಪಟ್ಟಿಯ ಕೊನೆಯ ಎರಡು ಸಾಲು ಓದಲು ಬರಲಿಲ್ಲ. ನನ್ನ ಮುಖ ನೋಡಿ, “ಓಕೆ, ಔಟ್ ಇದ್ದಿರಬಹುದು” ಅಂದ.

ಮಾರ್ಚ್ 21, ಶುಕ್ರವಾರ

ವಿಭಾಳ ಗೆಳತಿ ನಿಸರ್ಗಾಳ ಅಮ್ಮ ಗಾನವಿ ಸಂಜೆ ಬಂದಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಾಯರು. ದೊಡ್ಡ ಕಂಪನಿಗಳು ಸಣ್ಣವರನ್ನು ಹಿಂಡುವ ಕೇಸುಗಳೇ ಅವಳ ಕಸುಬು. ಇವತ್ತು ಬಂದದ್ದು ಅದಕ್ಕಲ್ಲ. ಹುಡುಗಿಯರಿಗೇ ಒಂದು ಟೂರ್ನಮೆಂಟ್ ಮಾಡುತ್ತಾಳಂತೆ.

“ಜಯರಾಮ್ ಅವರ ಲೀಗಲ್ಲಿ ನಮ್ಮ ಮಕ್ಕಳು ಹುಡುಗರ ಟೀಮಲ್ಲಿ ಹನ್ನೊಂದನೆಯವರು. ಬ್ಯಾಟಿಂಗೂ ಇಲ್ಲ, ಬೌಲಿಂಗೂ ಇಲ್ಲ. ಚೆಂಡು ಎತ್ತಿಕೊಡೋಕೆ ಕರ್ಕೊಂಡ್ ಹೋಗ್ತೀವಾ ನಾವು?” ಅಂದಳು.

ಪಾರ್ಕುಗಳಲ್ಲಿ ಜಾಗವಿಲ್ಲ. ಲಾಸ್ ಗ್ಯಾಟೋಸ್‌ನ ಗುಡ್ಡದ ಬುಡದಲ್ಲಿ ಒಂದು ಚರ್ಚಿನ ಹಿಂದಿನ ಬಯಲು ಸಿಕ್ಕಿದೆಯಂತೆ. ಸ್ವಲ್ಪ ಇಳಿಜಾರು. “ಅಂಪೈರ್ ನೀವೇ” ಅಂದಳು. ಇವರನ್ನು ಕೇಳಿ ಹೇಳುತ್ತೇನೆ ಅಂದೆ.

ಇವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಜಯರಾಮ್‌ಗೆ ಬೇಜಾರಾಗಲ್ವಾ?” ಅಂದರು. ಯಾಕೆ ಬೇಜಾರಾಗುತ್ತದೆ? ಆಟ ಹೆಚ್ಚಾದರೆ ಅವರಿಗೂ ಖುಷಿಯೇ ಅಲ್ಲವೇ.

ಏಪ್ರಿಲ್ 5, ಶನಿವಾರ

ಇಂಥ ದಿನವನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡುವಂತಿದ್ದರೆ ಉಪ್ಪಿನಕಾಯಿಯ ಪಕ್ಕದಲ್ಲಿ ಇಡುತ್ತಿದ್ದೆ.

ಆರು ತಂಡಗಳು. ಇಳಿಜಾರು ಸ್ವಲ್ಪವಲ್ಲ, ಚೆನ್ನಾಗಿಯೇ ಇದೆ. ಮೇಲಿನಿಂದ ಬೌಲ್ ಮಾಡಿದವರೆಲ್ಲ ಫಾಸ್ಟ್ ಬೌಲರುಗಳಾದರು. ಮೆಲ್ಲಗೆ ತಳ್ಳಿದ ಚೆಂಡೂ ಉರುಳುತ್ತಾ ಉರುಳುತ್ತಾ ಚರ್ಚಿನ ಗುಲಾಬಿ ಗಿಡಗಳ ತನಕ ಹೋಗಿ ನಾಲ್ಕು ರನ್ನಾಯಿತು. ಪಾದ್ರಿಯವರು ಬಂದು ಎರಡು ಓವರ್ ನೋಡಿ, ಯಾರು ಗೆಲ್ಲುತ್ತಿದ್ದಾರೆಂದು ಕೇಳಿದರು. ಎಲ್ಲರೂ ಅಂದೆ. ಅವರಿಗೆ ಆ ಉತ್ತರ ಹಿಡಿಸಿತು.

ವಿಭಾ ಮೊದಲನೆಯವಳಾಗಿ ಬ್ಯಾಟಿಂಗಿಗೆ ಬಂದಳು. ಮೊದಲನೆಯವಳಾಗಿ. ಕ್ರೀಸಿನಲ್ಲಿ ನಿಂತು ಗಾರ್ಡ್ ಕೇಳುವಾಗ ‘ಮಿಡಲ್ ಪ್ಲೀಸ್, ಅಂಪೈರ್’ ಅಂದಳು. ಅಮ್ಮ ಅನ್ನಲಿಲ್ಲ. ಅಂಪೈರ್ ಅಂದದ್ದಕ್ಕೆ ಸರಿಯಾಗಿ ಮೂರನೇ ಓವರಿನಲ್ಲಿ ಅವಳಿಗೆ ರನೌಟ್ ಕೊಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ, “ಅಮ್ಮ, ಐ ವಾಸ್ ಇನ್. ಬೈ ಅ ಮೈಲ್” ಅನ್ನುತ್ತಲೇ ಇದ್ದಳು. ಅಡಿವೆಪ್ಪನವರೂ ಬಂದಿದ್ದರು. “ನೀವು ತಾಯಿ ಅಲ್ರೀ, ಅಂಪೈರು” ಎಂದು ಹೊಗಳಿದರು. ಹೊಗಳಿಕೆಯೇ ಇರಬೇಕು.

ಏಪ್ರಿಲ್ 7, ಸೋಮವಾರ

ಜಯರಾಮ್ ಸರ್ ಅವರ ಮೆಸೇಜು. ಬೇರೆ ಟೂರ್ನಮೆಂಟುಗಳಲ್ಲಿ ನಿಲ್ಲುವ ಅಂಪೈರುಗಳನ್ನು ಲೀಗು ಇನ್ನು ಕರೆಯುವುದಿಲ್ಲ. ನನ್ನ ಹೆಸರು, ಅಡಿವೆಪ್ಪನವರ ಹೆಸರು ಪಟ್ಟಿಯಿಂದ ತೆಗೆಯಲಾಗಿದೆ. ಹುಡುಗಿಯರ ಕಡೆ ಆಡಿದ ಮಕ್ಕಳಿಗೂ ಇದೇ ನಿಯಮ. ಕೆಳಗೆ ಕೈಮುಗಿದ ಚಿತ್ರ.

ಎಲ್ಲೋ ತಪ್ಪಾಗಿದೆ. ಫೋನ್ ಮಾಡಿದೆ. ಎತ್ತಲಿಲ್ಲ. ‘ಸಾರಿ ಸರ್, ಏನಾದರೂ ತಪ್ಪಾಗಿದ್ದರೆ’ ಎಂದು ಬರೆದು ಕಳಿಸಿದೆ. ನೀಲಿ ಗುರುತು ಬಂತು. ಉತ್ತರ ಬರಲಿಲ್ಲ.

ಏಪ್ರಿಲ್ 9, ಬುಧವಾರ

ಅಡಿವೆಪ್ಪನವರು ಫೋನ್ ಮಾಡಿದ್ದರು. “ವಾರದಾಗ ಐದು ದಿನ ಟಿವಿ ನೋಡ್ತೇನ್ರಿ, ಶನಿವಾರ ಮನುಷ್ಯಾ ಆಗ್ತಿದ್ದೆ” ಅಂದರು. ಅವರು ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ.

ಸಂಜೆ ಗಾನವಿಯ ಮನೆಗೆ ಹೋದೆ. ಇದು ಅನ್ಯಾಯ, ಕಾನೂನಿಲ್ಲವೇ ಎಂದು ಕೇಳಿದೆ. ಅವಳು ಕಾಫಿ ಸೋಸುತ್ತಾ ಹೇಳಿದ್ದು ಇಷ್ಟು.

“ಕ್ಯಾಲಿಫೋರ್ನಿಯಾದ ಕಾನೂನು ಇಬ್ಬರು ಸೇರ್ಕೊಂಡು ಪೈಪೋಟಿ ತಡೆದ್ರೆ ಹಿಡಿಯುತ್ತೆ. ಒಬ್ಬರೇ ಎಷ್ಟು ದೊಡ್ಡವರಾದ್ರೂ, ಒಬ್ಬರೇ ಕೂತ್ಕೊಂಡು ‘ನಿನ್ನನ್ನ ಕರೆಯಲ್ಲ’ ಅಂದ್ರೆ ಹಿಡಿಯಲ್ಲ. ಫೆಡರಲ್ ಕಾನೂನಲ್ಲಿ ದಾರಿ ಇದೆ, ಆದ್ರೆ ಆ ಕೇಸು ಮುಗಿಯೋ ಹೊತ್ತಿಗೆ ವಿಭಾಳ ಮಗಳು ಓಪನಿಂಗ್ ಬರ್ತಾಳೆ.”

“ಹಾಗಾದ್ರೆ ಅವರು ಮಾಡಿದ್ದು ಸರಿನಾ?”

“ಸರಿ ಅಲ್ಲ. ನಾಟೌಟ್, ಅಷ್ಟೇ.”

ಒಬ್ಬಂಟಿ ದೊಡ್ಡವರನ್ನೂ ಹಿಡಿಯುವ ಹಾಗೆ ರಾಜ್ಯದ ಕಾನೂನು ತಿದ್ದಬೇಕೆಂದು ಸ್ಯಾಕ್ರಮೆಂಟೋದಲ್ಲಿ ಒಂದು ಮಸೂದೆ ಇದೆಯಂತೆ. ಸಮಿತಿಯ ಮುಂದೆ ಯಾರು ಬೇಕಾದರೂ ಹೋಗಿ ಮಾತಾಡಬಹುದಂತೆ. ನಾನು ಬರುತ್ತೇನೆ ಅಂದೆ. ಅಂದ ಮೇಲೆ ಯಾರು ಅಂದದ್ದು ಎಂದು ಹಿಂದೆ ತಿರುಗಿ ನೋಡುವಂತಾಯಿತು.

ಏಪ್ರಿಲ್ 22, ಮಂಗಳವಾರ

ಇವರಿಗೆ ಹೇಳಿ, ಕ್ಲಿನಿಕ್ಕಿಗೆ ರಜೆ ಹಾಕಿ ಹೊರಟೆ. ಗಾನವಿಗೆ ಕೋರ್ಟಿನ ಕೆಲಸವಿದ್ದುದರಿಂದ ನಾನೇ 680 ಫ್ರೀವೇ ಹಿಡಿದು ಹೋದೆ. ಅಡಿವೆಪ್ಪನವರು ಪಕ್ಕದ ಸೀಟಿನಲ್ಲಿ ಚುರುಮುರಿ ಡಬ್ಬಿ ಹಿಡಿದು ಕೂತು ದಾರಿಯುದ್ದಕ್ಕೂ ಲಾರಿಗಳಿಗೆ ಪಿ.ಟಿ. ಮಾಸ್ತರರಂತೆ ಸೂಚನೆ ಕೊಟ್ಟರು.

ಭಾಷಣ ಬರೆದುಕೊಂಡು ಹೋಗಿದ್ದೆ. ಕನ್ನಡಿ ಮುಂದೆ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಅಲ್ಲಿ ನೋಡಿದರೆ ದೊಡ್ಡ ಸಾಕ್ಷಿಗಳಿಗೆ ಮಾತ್ರ ಮಾತು. ನಮ್ಮಂಥವರು ಸಾಲಿನಲ್ಲಿ ನಿಂತು, ಮೈಕಿನ ಮುಂದೆ ಹೆಸರು, ಊರು, ಬೆಂಬಲವೋ ವಿರೋಧವೋ ಹೇಳಿ ಮುಂದೆ ಹೋಗಬೇಕು. ತಿರುಪತಿಯಲ್ಲಿ ಗರ್ಭಗುಡಿ ಮುಂದೆ ತಳ್ಳಿದ ಹಾಗೆ. ನನ್ನ ಮುಂದೆ ಬಾದಾಮಿ ಬೆಳೆಯುವವನು, ಹಿಂದೆ ಸಣ್ಣ ಔಷಧಿ ಅಂಗಡಿಯವಳು. ಅವನ ಬಾದಾಮಿ ಕೊಳ್ಳುವವರು ಒಬ್ಬರೇ, ಅವಳಿಗೆ ಔಷಧಿ ಮಾರುವವರು ಒಬ್ಬರೇ. ಸಾಲಿನಲ್ಲೇ ನಾವು ಮೂವರು ಚುರುಮುರಿ ಹಂಚಿಕೊಂಡೆವು.

ನನ್ನ ಸರದಿ ಬಂತು. “ಪದ್ಮಜಾ. ಕ್ಯುಪರ್ಟಿನೋ. ಕ್ರಿಕೆಟ್ ಅಂಪೈರ್. ಸಪೋರ್ಟ್” ಅಂದೆ. ಸಮಿತಿಯ ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, ಐದು ದಿನ ನಡೆಯುವ ಆಟ ಅದೇ ಅಲ್ಲವೇ ಎಂದು ಕೇಳಿದರು. ಹೌದು, ನಮಗೆ ತಾಳ್ಮೆ ಇದೆ ಅಂದೆ. ಇಡೀ ಕೋಣೆ ನಕ್ಕಿತು. ಇಂಗ್ಲಿಷಿನಲ್ಲಿ ನಾನು ಹೇಳಿದ ಮಾತಿಗೆ ಇಡೀ ಕೋಣೆ.

ಮಸೂದೆ ಮುಂದಿನ ಸಮಿತಿಗೆ ಹೋಯಿತು. ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು ಇದೆಯಂತೆ. ಇರಲಿ. ಬರುವಾಗ ಸೇತುವೆ ಮೇಲೆ ಗಾಳಿ ಜೋರಾಗಿತ್ತು, ಅಡಿವೆಪ್ಪನವರು ಗೊರಕೆ ಹೊಡೆಯುತ್ತಿದ್ದರು, ನಾನು ಒಬ್ಬಳೇ ದೊಡ್ಡ ದನಿಯಲ್ಲಿ ‘ಸಪೋರ್ಟ್’ ಅನ್ನುತ್ತಾ ಬಂದೆ.

ಮೇ 3, ಶನಿವಾರ

ಕನ್ನಡದವರ ಯುಗಾದಿ ಊಟ. ಯುಗಾದಿಯಾಗಿ ತಿಂಗಳ ಮೇಲಾಗಿದೆ, ಆದರೆ ಹಾಲ್ ಸಿಕ್ಕಿದ್ದು ಇವತ್ತು. ಬಿಸಿಬೇಳೆಬಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಜಯರಾಮ್ ಅವರು ನನ್ನ ಹಿಂದೆಯೇ ಬಂದರು. ಇಷ್ಟು ದಿನಕ್ಕೆ ಮೊದಲ ಮಾತು.

“ಸ್ಯಾಕ್ರಮೆಂಟೋಗೆ ಹೋಗಿದ್ಯಂತಲ್ಲಮ್ಮ, ನನ್ನ ಮೇಲೆ ಹೇಳೋಕೆ.”

“ನಿಮ್ಮ ಹೆಸರು ಹೇಳ್ಲಿಲ್ಲ ಸರ್. ನನ್ನ ಹೆಸರು ಹೇಳಿ ಬಂದೆ.”

ಅವರ ಕಿವಿ ಕೆಂಪಾಯಿತು. “ಕೇಳಮ್ಮ. ನಮ್ಮ ಲೀಗ್ ಬಿಟ್ರೆ ಫ್ರೀಮಾಂಟಲ್ಲಿ ನಾಗಾರ್ಜುನನ ಲೀಗ್ ಇದೆ, ಅಲ್ಲಿ ನಿಲ್ತೀನಿ ಅಂದ್ಕೊಂಡಿದೀಯಾ? ಅವನ ಹತ್ರ ಮಾತಾಡಿದೀನಿ. ನಾನು ಬಿಟ್ಟೋರನ್ನ ಅವನು ಕರೆಯಲ್ಲ, ಅವನು ಬಿಟ್ಟೋರನ್ನ ನಾನು ಕರೆಯಲ್ಲ. ಇಬ್ರೂ ಒಪ್ಕೊಂಡಿದೀವಿ. ನೀನು, ಅಡಿವೆಪ್ಪ, ಇನ್ನು ಈ ಕಡೆನೂ ಇಲ್ಲ, ಆ ಕಡೆನೂ ಇಲ್ಲ.”

ತಟ್ಟೆ ಅಲ್ಲೇ ಇಟ್ಟೆ. ಮಜ್ಜಿಗೆ ಬಡಿಸುತ್ತಿದ್ದ ಗಾನವಿಯ ಹತ್ತಿರ ಹೋಗಿ, ಎಲ್ಲ ಮುಗಿಯಿತು ಎಂದು ಅಳುವ ದನಿಯಲ್ಲಿ ನಡೆದದ್ದನ್ನು ಹೇಳಿದೆ. ಅವಳ ಸೌಟು ಗಾಳಿಯಲ್ಲೇ ನಿಂತಿತು.

“ಇನ್ನೊಂದ್ಸಲ ಹೇಳಿ. ಅವರು ಏನಂದ್ರು, ಅದೇ ಮಾತಲ್ಲಿ.”

“ಇಬ್ರೂ ಒಪ್ಕೊಂಡಿದೀವಿ ಅಂದ್ರು.”

“ಇಬ್ರೂ?”

“ಇಬ್ರೂ.”

ಅವಳು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಮಜ್ಜಿಗೆ ಪಾತ್ರೆಯ ಮೇಲೆ ಬಾಗಿದಳು. “ಪದ್ಮಜಾ, ಒಬ್ಬರೇ ಇದ್ದಾಗ ನಾಟೌಟ್. ಈಗ ಇಬ್ಬರು. ಇದ್ದ ಕಾನೂನೇ ಸಾಕು. ಸ್ಯಾಕ್ರಮೆಂಟೋ ತನಕ ಹೋಗೋ ಅಗತ್ಯನೇ ಇರ್ಲಿಲ್ಲ, ಬಿಸಿಬೇಳೆಬಾತಿನ ಸಾಲಲ್ಲಿ ನಿಂತಿದ್ರೆ ಸಾಕಿತ್ತು.”

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಹಿಂದಿದ್ದವರು ತಾವೇ ಮಜ್ಜಿಗೆ ಬಡಿಸಿಕೊಂಡು ಹೋದರು.

ಮೇ 4, ಭಾನುವಾರ

ಗಾನವಿ ನಮ್ಮ ಮನೆಯಲ್ಲೇ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಬರೆಯಲು ಕೂತಿದ್ದಳು. ಎರಡು ದಿನ ತಡೆಯಿರಿ ಅಂದೆ.

“ಯಾಕೆ?”

ಬೌಲರು ಪಿಚ್ಚಿನ ಮಧ್ಯೆ ಓಡಿ ಅದನ್ನು ಹಾಳುಮಾಡುತ್ತಿದ್ದರೆ ಅಂಪೈರ್ ಮೊದಲು ಎಚ್ಚರಿಸಬೇಕು. ಆಮೇಲೆ ಶಿಕ್ಷೆ. ಹಾಗೆಂದು ಹೇಳಿದೆ. ಎಚ್ಚರಿಸಿದರೆ ಇಬ್ಬರೂ ಸೇರಿ ಅಂಥ ಮಾತೇ ಆಡಿಲ್ಲ ಅನ್ನುತ್ತಾರೆ, ಕೈಗೆ ಬಂದದ್ದು ಹೋಗುತ್ತದೆ ಅಂದಳು. ಅವಳು ಹೇಳುವುದೂ ನಿಜ. ವಿಭಾ ಸೋಫಾದಿಂದಲೇ, “ಹೀ ಕಿಕ್ಡ್ ಯು ಔಟ್, ಅಮ್ಮ. ಯಾಕೆ ಚಾನ್ಸ್ ಕೊಡ್ತೀಯಾ?” ಅಂದಳು. ಅರ್ಧ ಕನ್ನಡ. ಸಿಟ್ಟಿನಲ್ಲಾದರೂ ಬಂತಲ್ಲ.

ಯಾಕೆಂದರೆ ಎಚ್ಚರಿಸಬೇಕೆಂಬ ನಿಯಮವನ್ನು ನನಗೆ ಹೇಳಿಕೊಟ್ಟವರೇ ಜಯರಾಮ್ ಅವರು. ಹೋಗಿ ಹೇಳುತ್ತೇನೆ. ಆಮೇಲೆ ಅವರಿಷ್ಟ.

ಮೇ 6, ಮಂಗಳವಾರ

ಜಯರಾಮ್ ಅವರು ಗ್ಯಾರೇಜಿನಲ್ಲಿ ಪಿಚ್ಚಿಗೆ ಹಾಸುವ ನಾರಿನ ಮ್ಯಾಟಿನ ಅಂಚು ಹೊಲಿಯುತ್ತಿದ್ದರು. ಇಷ್ಟು ದೊಡ್ಡ ಲೀಗಿನ ಅಧ್ಯಕ್ಷರು, ದಬ್ಬಣ ಹಿಡಿದು ಕೂತಿದ್ದರು. ಅಲ್ಲಿಂದಲೇ ವಾಪಸ್ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

ಗಾನವಿ ಹೇಳಿದ್ದನ್ನೆಲ್ಲ ಹೇಳಿದೆ. ಇಬ್ಬರು ಮಾಡಿಕೊಂಡ ಒಪ್ಪಂದ ಕಾನೂನಿಗೆ ಸಿಗುತ್ತದೆ, ಬಿಟ್ಟುಬಿಡಿ, ಬಿಡದಿದ್ದರೆ ದೂರು ಹೋಗುತ್ತದೆ, ಮೊದಲು ನಿಮಗೆ ಹೇಳೋಣ ಎಂದು ಬಂದೆ, ಅಂದೆ.

ಅವರು ಅಂಚು ಮುಗಿಸಿ ದಾರ ಕತ್ತರಿಸಿದರು. ಆಮೇಲೆ, “ಈ ಲೀಗ್ ಶುರು ಮಾಡಿದಾಗ ಒಂದೇ ಮೈದಾನ ಇತ್ತಮ್ಮ. ನಾಯಿ ಓಡಾಡಿಸೋರು ಪಿಚ್ ಮೇಲೇನೇ ಕೆಲಸ ಮುಗಿಸೋರು. ಅದನ್ನ ಬಾಚಿ, ಹುಲ್ಲು ಕತ್ತರಿಸಿ, ಆಮೇಲೆ ಟಾಸ್ ಹಾಕ್ತಿದ್ದೆ. ದೊಡ್ಡವನಾಗಿದ್ದು ತಪ್ಪಾ?” ಅಂದರು.

“ದೊಡ್ಡೋರಾಗಿದ್ದು ತಪ್ಪಲ್ಲ ಸರ್. ಇನ್ನೊಬ್ಬರು ಹುಟ್ಟಬಾರದು ಅಂತೀರಲ್ಲ, ಅದು.”

“ಇವತ್ತು ಆರು ಟೀಮ್. ನಾಳೆ ಅರವತ್ತಾಗಿ ನನ್ನ ಮೈದಾನನೇ ಕೇಳ್ತಾರೆ.”

“ಕೇಳ್ಲಿ. ನಿಮ್ಮ ಆಟ ಚೆನ್ನಾಗಿದ್ರೆ ಜನ ನಿಮ್ಮ ಹತ್ರನೇ ಇರ್ತಾರೆ. ಕಟ್ಟಿಹಾಕಿ ಇಟ್ಕೊಂಡ್ರೆ, ಆಟ ಚೆನ್ನಾಗಿದೆಯೋ ಇಲ್ವೋ ನಿಮಗೇ ಹೇಗೆ ಗೊತ್ತಾಗುತ್ತೆ?”

ಅಷ್ಟರಲ್ಲಿ ಅವರ ಹೆಂಡತಿ ಗೌರಮ್ಮನವರು ಬಾಗಿಲಿಗೆ ಬಂದು, “ನಿಂತೇ ಮಾತಾಡ್ಸಿ ಕಳಿಸ್ತೀರೇನ್ರೀ? ಒಳಗೆ ಕರೀರಿ, ಕಾಫಿ ಆಗಿದೆ” ಅಂದರು. ಕಾಫಿ ಕುಡಿದೆ. ಅವರೂ ಕುಡಿದರು. ಮೂವರೂ ಹವಾಮಾನ ಮಾತಾಡಿದೆವು. ದಿನವೂ ಒಂದೇ ಬಿಸಿಲಿರುವ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಎಷ್ಟು ಹೊತ್ತು ಮಾತಾಡಲು ಸಾಧ್ಯ. ಎದ್ದು ಬಂದೆ.

ಮೇ 15, ಗುರುವಾರ

ಮೊದಲು ಕೈ ತೊಳೆದುಕೊಂಡವರು ನಾಗಾರ್ಜುನ. ಅವರ ಭಾಮೈದ ಲಾಯರಂತೆ, ವಿಷಯ ಕೇಳಿ ಊಟದ ಮಧ್ಯೆ ಎದ್ದು ನಿಂತನಂತೆ. ಇವತ್ತು ಜಯರಾಮ್ ಲೀಗಿನ ಗ್ರೂಪಿನಲ್ಲಿ ಬರೆದಿದ್ದಾರೆ. ಫ್ರೀಮಾಂಟಿನವರ ಜೊತೆ ಇದ್ದ ಮಾತುಕತೆ ರದ್ದು. ಅಂಪೈರುಗಳು, ಮಕ್ಕಳು ಎಲ್ಲಿ ಬೇಕಾದರೂ ನಿಲ್ಲಬಹುದು, ಆಡಬಹುದು. ಶನಿವಾರ ಮಧ್ಯಾಹ್ನ ಒಂದು ಮೈದಾನ ಖಾಲಿ ಇದೆ, ಹುಡುಗಿಯರಿಗೆ ಬೇಕಾದರೆ ಕೇಳಬಹುದು.

ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿ ಅಕ್ಷರ ಓದುತ್ತಿದ್ದಾಗ ಇದು ಬಂತು. ಅವರನ್ನು ತಬ್ಬಿಕೊಂಡುಬಿಟ್ಟೆ. ಕಣ್ಣು ಅಷ್ಟು ಚೆನ್ನಾಗಿದೆಯೇ ಎಂದು ಅಜ್ಜಿಗೂ ಸಂತೋಷವಾಯಿತು.

ಅಡಿವೆಪ್ಪನವರು ಫೋನ್ ಎತ್ತಿದವರೇ, “ಆಮ್ಯಾಲೆ ಮಾತಾಡೋಣ್ರಿ, ಬೂಟಿಗೆ ಪಾಲಿಶ್ ಹಚ್ಚಾಕತ್ತೇನಿ” ಅಂದರು. ನನ್ನ ಗಂಡ ರಘು ಉಪ್ಪಿಟ್ಟು ಮಾಡಿದ. ಉಪ್ಪು ಮರೆತಿದ್ದ. ಎರಡು ಸಲ ಹಾಕಿಸಿಕೊಂಡೆ.

ಜೂನ್ 1, ಭಾನುವಾರ

ಗಾನವಿಯ ಹಿತ್ತಲಲ್ಲಿ ಹುಡುಗಿಯರ ಟೂರ್ನಮೆಂಟಿನ ಮೀಟಿಂಗು. ತಂಡಗಳು ಈಗ ದುಪ್ಪಟ್ಟು. ಕೋಚ್ ಸಿಂಧು ಎದ್ದು, “ಬೇಸಿಗೇಲಿ ಅಂಪೈರ್‌ಗಳು ಸಾಲಲ್ಲ. ನಮ್ಮ ಅಂಪೈರ್‌ಗಳು ನಮಗೆ ಮಾತ್ರ ಅಂತ ರೂಲ್ ಮಾಡೋಣ. ಜಯರಾಮ್ ಲೀಗಲ್ಲಿ ನಿಂತ್ರೆ ಇಲ್ಲಿ ಬೇಡ” ಅಂದಳು. ತಲೆಗಳು ಆಡಿದವು. ಗಾನವಿಯ ತಲೆಯೂ.

“ಗಾನವಿ, ನೀವೂನಾ?” ಅಂದೆ.

ಅವಳು ಸ್ವಲ್ಪ ನಾಚಿಕೊಂಡಳು. “ನಾವು ಯಾರ ಜೊತೆಗೂ ಸೇರ್ಕೊಂಡಿಲ್ವಲ್ಲ. ಒಬ್ಬರೇ. ಕಾನೂನು ಪ್ರಕಾರ ತಪ್ಪಿಲ್ಲ.”

“ಕಾನೂನು ಪ್ರಕಾರ ಮೊದಲು ಜಯರಾಮ್ ಕೂಡ ತಪ್ಪು ಮಾಡಿರ್ಲಿಲ್ಲ. ನಾನು ಎರಡು ಕಡೆನೂ ನಿಲ್ತೀನಿ. ಬೇಡ ಅಂದ್ರೆ ನನ್ನ ಹೆಸರು ತೆಗೀರಿ.”

ತಲೆಗಳೆಲ್ಲ ಬೇಲಿಯ ಕಡೆಗೆ ತಿರುಗಿದವು. ಅದರ ಮೇಲೆ ಕೂತ ಅಳಿಲೊಂದು ಏನೋ ಕಟಕಟ ಕಡಿಯುತ್ತಿತ್ತು. ಕೊನೆಗೆ ಸಿಂಧುವೇ, “ಸರಿ, ಬಿಡಿ. ಹೊಸಬರಿಗೆ ಟ್ರೈನಿಂಗ್ ಕೊಡೋಣ. ಯಾರು ಕೊಡ್ತೀರಿ?” ಅಂದಳು. ನಾನು ಕೊಡುತ್ತೇನೆ ಅಂದೆ. ಮುಂದಿನ ವಾರದಿಂದ ಪಾರ್ಕಿಂಗ್ ಲಾಟಿನಲ್ಲಿ ಕ್ಲಾಸು. ಯಾವ ಲೀಗಿನವರಾದರೂ ಬರಬಹುದು.

ಜೂನ್ 14, ಶನಿವಾರ

ಬೆಳಿಗ್ಗೆ ಜಯರಾಮ್ ಅವರ ಐವತ್ತು ದಾಟಿದವರ ತಂಡಕ್ಕೂ ಸ್ಯಾನ್ ಹೊಸೆಯ ಹುಡುಗರಿಗೂ ಮ್ಯಾಚು, ಅಂಪೈರುಗಳು ನಾನು ಮತ್ತು ಅಡಿವೆಪ್ಪನವರು. ಅಲ್ಲೇ ಮಧ್ಯಾಹ್ನ ನಮ್ಮ ಹುಡುಗಿಯರದು. ಅವರೆಲ್ಲ ಬೇಗ ಬಂದು ಬೌಂಡರಿ ಗೆರೆಯ ಆಚೆ ಕಿತ್ತಳೆ ಸುಲಿಯುತ್ತಾ ಕೂತಿದ್ದರು. ಐವತ್ತು ದಾಟಿದವರಿಗೆ ಗೆಲ್ಲಲು ಕೊಂಚವೇ ರನ್ ಬೇಕಿತ್ತು. ಬ್ಯಾಟ್ ಮಾಡುತ್ತಿದ್ದವರು ಜಯರಾಮ್.

ಚೆಂಡು ಪ್ಯಾಡಿಗೆ ಬಡಿಯಿತು. ಹುಡುಗರು ಹನ್ನೊಂದು ಜನವೂ ಕೂಗಿದರು. ಗೆರೆಯಾಚೆ ನಮ್ಮ ಹುಡುಗಿಯರು ಕಿತ್ತಳೆ ಬಿಟ್ಟು ಎದ್ದುನಿಂತು ಅವರಿಗಿಂತ ಜೋರಾಗಿ ಕೂಗಿದರು. ವಿಭಾ ಎರಡೂ ಕೈಯ ಬೆರಳೆತ್ತಿದ್ದಳು. ಜಯರಾಮ್ ನನ್ನ ಮುಖ ನೋಡಲೂ ಇಲ್ಲ. ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು ಪೆವಿಲಿಯನ್ ಕಡೆಗೆ ಹೊರಟೇಬಿಟ್ಟರು.

“ನಾಟೌಟ್” ಅಂದೆ. “ವಾಪಸ್ ಬನ್ನಿ ಸರ್. ಲೆಗ್ ಸ್ಟಂಪ್ ಬಿಟ್ಟು ಹೋಗ್ತಿತ್ತು.”

ಅವರು ತಿರುಗಿ ನಿಂತರು. ಕ್ರೀಸಿಗೆ ಬಂದು ಮತ್ತೆ ಗಾರ್ಡ್ ಕೇಳಿದರು. ವಿಭಾ ಗೆರೆಯಾಚೆಯಿಂದ, “ಅಮ್ಮಾ, ಏನ್ ಮಾಡ್ತಾ ಇದ್ದೀಯಾ ನೀನು?” ಎಂದು ಇಡೀ ಪಾರ್ಕಿಗೆ ಕೇಳುವಂತೆ ಕೂಗಿದಳು. ಅಷ್ಟೂ ಕನ್ನಡ. ಅಡಿವೆಪ್ಪನವರು ಸ್ಕ್ವೇರ್ ಲೆಗ್ಗಿನಲ್ಲಿ ಟೋಪಿ ಸರಿಮಾಡಿಕೊಂಡು ಆಕಾಶ ನೋಡಿದರು.

ಮುಂದಿನ ಎಸೆತಕ್ಕೆ ಜಯರಾಮ್ ಅವರ ಮಿಡಲ್ ಸ್ಟಂಪ್ ಎಗರಿ ಕೀಪರನ ಹಿಂದೆ ಹೋಗಿ ಬಿತ್ತು. ಅದಕ್ಕೆ ಅಂಪೈರ್ ಬೇಕಾಗಿರಲಿಲ್ಲ.